ಚಂದ್ರನಲ್ಲೊಂದು ಪಾಯಿಂಟ್

ನಮ್ಮ ಸೋದರಮಾವನಿಗೆ ಚಂದ್ರನ ಮೇಲೆ ಬೋರ್‌ವೆಲ್ ಕೊರೆಸುವ ಕೆಲಸ ಸಿಕ್ಕೇ ಬಿಟ್ಟಿತ್ತು. ಕೆಲಸ ಕೊಡುವವರಿಗೆ ವಿಷಯ ತಿಳಿಸುವುದೊಂದು ಬಾಕಿ ಇತ್ತು, ಅಷ್ಟೇ!

ಮಾವ ರಾಮಮೂರ್ತಿನಗರ ಬಡಾವಣೆಯಲ್ಲಿ ಬೋರ್‌ವೆಲ್ಲಿಗೆ ಪಾಯಿಂಟ್ ನೋಡುವವರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟಿನ ತುಂಬ ನಡೆಯುತ್ತಾರೆ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಆ ಸುತ್ತಿನ ಅರ್ಧ ಮನೆಗಳ ನಲ್ಲಿಯಲ್ಲಿ ಬರುವುದು ಮಾವನ ನೀರೇ. ಅವರ ಸ್ವಂತ ಮನೆಯ ಬೋರ್ ಮಾತ್ರ ಬರೀ ಧೂಳು ಉಗುಳಿತ್ತು. ಹೀಗಾಗಿ ಅತ್ತೆ ದಿನ ಬಿಟ್ಟು ದಿನ ಟ್ಯಾಂಕರ್ ಮುಂದೆ ಸಾಲು ನಿಲ್ಲುತ್ತಿದ್ದರು. ಮಾವ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. “ಪಾಯಿಂಟ್ ನೋಡೋನೇ ಕೊಡ ಹಿಡ್ಕೊಂಡು ನಿಂತ್ರೆ ನಾಳೆ ನನ್ನ ಯಾರು ಕರೀತಾರೆ?” ಎನ್ನುತ್ತಿದ್ದರು. ಅತ್ತೆಯ ಮಂಡಿ ನೋವಿನ ವಿಷಯ ಯಾರೂ ಎತ್ತುತ್ತಿರಲಿಲ್ಲ, ಅತ್ತೆಯೂ ಸೇರಿ.

ಇಂಥದ್ದರಲ್ಲಿ ಚಂದ್ರನ ಮಣ್ಣಿನಲ್ಲಿ ನೀರಿದೆ ಎಂದು ಪೇಪರಿನಲ್ಲಿ ಬಂತು. ನಾನು ಸುಮ್ಮನಿರಲಾರದೆ ಮಾವನಿಗೆ ಓದಿ ಹೇಳಿದೆ.

“ಎಷ್ಟು ಅಡೀಲಿದೆಯಂತೆ?”

“ಹರಿಯೋ ನೀರಲ್ಲ ಮಾವ. ಬಿಸಿಲೇ ಬೀಳದ ಹಳ್ಳಗಳಲ್ಲಿ ಮಣ್ಣಿನ ಜೊತೆ ಐಸ್ ಆಗಿರಬಹುದಂತೆ.”

“ಹಾಗಾದ್ರೆ ಮೋಟರ್ ದಂಡ. ಹೀಟರ್ ಇಳಿಸಿದ್ರಾಯ್ತು.”

ವಿಜ್ಞಾನಿಗಳೂ ಹೆಚ್ಚುಕಡಿಮೆ ಅದನ್ನೇ ಯೋಚಿಸುತ್ತಿದ್ದಾರೆಂದು ಮುಂದಿನ ಪ್ಯಾರಾದಲ್ಲಿತ್ತು. ಆ ಪ್ಯಾರಾವನ್ನು ನಾನು ಓದಬಾರದಿತ್ತು!

ನೀರನ್ನು ಒಡೆದರೆ ಉಸಿರಾಡಲು ಗಾಳಿಯೂ ರಾಕೆಟ್ಟಿಗೆ ಇಂಧನವೂ ಸಿಗುತ್ತದೆ ಎಂಬುದು ಮಾವನಿಗೆ ಬಹಳ ಹಿಡಿಸಿತು. “ಕೇಳಿದ್ಯೇನೇ, ನೀರಲ್ಲೇ ಗಾಡಿ ಓಡುತ್ತಂತೆ!” ಎಂದು ಅತ್ತೆಗೆ ಕೂಗಿ ಹೇಳಿದರು. “ಅಕ್ಕಿ ತೊಳೆಯೋಕೆ ಎರಡು ಚೊಂಬು ಮಿಗಿಸಿ ಓಡಿಸಿ” ಎಂದು ಅಡುಗೆಮನೆಯಿಂದ ಉತ್ತರ ಬಂತು.

ಕೊರೆಯುವ ಲಾರಿಯನ್ನು ಅಲ್ಲಿಗೆ ಸಾಗಿಸುವುದು ಹೇಗೆ ಎಂದೆ. “ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಿಸೋದೇ ಕಷ್ಟ. ಆಮೇಲೆ ರೋಡು ಖಾಲಿ” ಎಂದರು.

ಮಾವನ ನಿದ್ದೆ ಕೆಡಿಸಿದ್ದು ಲಾರಿಯಲ್ಲ, ಕಾಯಿ. “ಅಲ್ಲಿ ತೂಕ ಆರರಲ್ಲಿ ಒಂದು ಪಾಲು ಕಣೋ. ಎಲ್ಲಿ ಹಿಡಿದ್ರೂ ಕಾಯಿ ಎದ್ದು ನಿಂತ್ಬಿಡುತ್ತೆ!” ನನ್ನನ್ನು ಹಲಸೂರು ಮಾರ್ಕೆಟ್ಟಿಗೆ ಎಳೆದುಕೊಂಡು ಹೋಗಿ, ಆರು ಕಾಯಿಯಷ್ಟು ತೂಗುವ ಒಂದು ಕಾಯಿ ಕೇಳಿದರು.

“ಯಾವ ಊರಿಗೆ ಸಾರ್?” ಎಂದ ಅಂಗಡಿಯವನು.

“ಚಂದ್ರನಿಗೆ.”

ಅವನು ನಗಲಿಲ್ಲ. “ಹಂಗಾದ್ರೆ ಸಿಪ್ಪೆ ಸಮೇತ ತಗೊಳ್ಳಿ ಸಾರ್, ದೂರ ಅಲ್ವಾ, ಕೆಡಲ್ಲ” ಎಂದ.

ಆಮೇಲೆ ರಾಕೆಟ್ ಹಾರಿಸುವವರಿಗೆ ಅರ್ಜಿ. ಮಾವ ಹೇಳಿದರು, ನಾನು ಬರೆದೆ. ‘ಮೊದಲ ಪಾಯಿಂಟ್ ಫೇಲಾದಲ್ಲಿ ಎರಡನೆಯದನ್ನು ಉಚಿತವಾಗಿ ನೋಡಿಕೊಡಲಾಗುವುದು’ ಎಂಬುದು ಕೊನೆಯ ಸಾಲು.

ಅದನ್ನು ಪೋಸ್ಟ್ ಮಾಡಲು ಇಬ್ಬರೂ ಹೊರಟ ಬೆಳಿಗ್ಗೆ ಬೀದಿಯಲ್ಲಿ ಕೊಡ ಬಿದ್ದ ಸದ್ದಾಯಿತು. ಅತ್ತೆ ಟ್ಯಾಂಕರ್ ಪಕ್ಕದ ಕೆಸರಿನಲ್ಲಿ ಮಂಡಿ ಹಿಡಿದುಕೊಂಡು ಕುಳಿತಿದ್ದರು. “ನನ್ನ ಸಾಲು ಬಿಡ್ಬೇಡಿ, ನನ್ನ ಸಾಲು” ಎನ್ನುತ್ತಿದ್ದರು. ಮಾವ ಅವರನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ತಿರುಗಿ ಬಂದು ಎರಡೂ ಕೊಡ ಎತ್ತಿಕೊಂಡು ಅತ್ತೆಯ ಜಾಗದಲ್ಲಿ ನಿಂತರು.

ಅದೇ ಹೊತ್ತಿಗೆ ಕಾರೊಂದು ಬಂದು ನಿಲ್ಲಬೇಕೆ! ಕೆ.ಆರ್. ಪುರಂ ಕಡೆ ಸೈಟು ತೆಗೆದುಕೊಂಡವರು, ಮಾವನನ್ನು ಕರೆದೊಯ್ಯಲು ಬಂದಿದ್ದರು.

“ಇದೇನ್ರೀ, ನೀವೇ ಟ್ಯಾಂಕರ್ ಹತ್ರ?”

ಏನಾದರೊಂದು ಸುಳ್ಳು ಹೇಳೋಣವೆಂದು ನಾನು ಬಾಯಿ ತೆರೆದೆ.

“ನಮ್ಮನೆ ಬೋರಲ್ಲಿ ನೀರು ಬರ್ಲಿಲ್ಲ ಸಾರ್” ಎಂದರು ಮಾವ. “ನಾನೇ ನೋಡಿದ ಪಾಯಿಂಟು.”

ಅವರು ಆಮೇಲೆ ಬರುತ್ತೇವೆಂದು ಕಾರು ತಿರುಗಿಸಿದರು. ಮಾವ ಕೊಡ ತುಂಬಿಸಿಕೊಂಡು ಒಳಗೆ ಬಂದರು. ಅತ್ತೆ ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದರು.

“ಯಾಕ್ರೀ ಹಂಗಂದ್ರಿ? ಹೋಗ್ಲಿ, ಚಂದ್ರನ ಕಾಗದನಾದ್ರೂ ಹಾಕ್ಬಿಟ್ಟು ಬನ್ನಿ.”

“ಚಂದ್ರ ಎಲ್ಲೂ ಓಡಿಹೋಗಲ್ಲ” ಎಂದರು ಮಾವ, ಹಂಡೆಗೆ ನೀರು ಸುರಿಯುತ್ತಾ. “ನೀನು ಕಾಲು ನೀಡ್ಕೊಂಡು ಕೂತ್ಕೋ.”

ಮಾವನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿ ಬಂದಿರಲಿಲ್ಲ. ಹೇಳೋಣವೆಂದರೆ, ಅವರು ಖಾಲಿ ಕೊಡ ಹಿಡಿದು ಆಗಲೇ ಹೊರಗೆ ಹೋಗಿದ್ದರು.