ಹುಡುಕಿದರೆ ನಾನು ಲಿಂಗೈಕ್ಯ

ಐದು ವಾರಗಳ ಹಿಂದಿನ ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ನಾನು ಭದ್ರಾವತಿಯ ನ್ಯೂ ಟೌನ್‌ನಲ್ಲಿ ಅಕ್ಕನ ಮನೆಯ ಗೇಟಿನ ಒಳಗೆ, ಮೆಟ್ಟಿಲಿನಿಂದ ಎರಡು ಹೆಜ್ಜೆ ಈಚೆ ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ: ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಕೈಯಲ್ಲಿ ಅಕ್ಕನ ಮಗಳು ಸಹನಾಳ ಲಗ್ನಪತ್ರಿಕೆಯ ಕಟ್ಟಿತ್ತು. ಒಳಗೆ ಅಕ್ಕ ಅಳುತ್ತಿದ್ದಳು. ಭಾವ ಫೋನಿನಲ್ಲಿ, "ಹೌದು ಯಜಮಾನ್ರೇ, ನಂಗೂ ಹಂಗೇ ತೋರಿಸ್ತಿದೆ. ಅವನ ಫೋನ್ ಬೇರೆ ಸ್ವಿಚ್ ಆಫ್. ಒಂಟಿ ಮನುಷ್ಯ ನೋಡಿ, ಹೇಳೋರೂ ಇಲ್ಲ" ಎನ್ನುತ್ತಿದ್ದರು. ಯಾರೋ ಪಾಪ ಹೋಗಿದ್ದಾರೆ ಎಂದುಕೊಂಡು ನಾನೂ ಮುಖ ಸಣ್ಣದು ಮಾಡಿಕೊಂಡೆ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಕಿರುಚಲಿಲ್ಲ. ಮೆಲ್ಲಗೆ ಕೇಳಿದಳು: "ಯಾಕೋ ಬಂದೆ ಪರಮೂ? ಏನಾದ್ರೂ ಆಸೆ ಉಳ್ಕೊಂಡಿತ್ತೇನೋ?"

"ಕಾರ್ಡ್ ಕೊಡೋಣ ಅಂತ ಬಂದೆ ಅಕ್ಕಾ."

"ಅಲ್ಲೇ ಇಟ್ಟು ಹೋಗು ಕಂದಾ. ಒಳಗೆ ಬರಬೇಡ."

ಭಾವ ಮಾತ್ರ ಬಗ್ಗಿ ನನ್ನ ಕಾಲಬುಡ ನೋಡಿದರು. "ಏ ಮಾರಾಯ್ತಿ, ನೆರಳು ಬಿದ್ದಿದೆ ಕಣೇ!"

ಆಮೇಲೆ ಫೋನನ್ನು ನನ್ನ ಮುಂದೆ ಹಿಡಿದರು. ನನ್ನ ಹೆಸರು ಹುಡುಕಿದರೆ ಮೊದಲಿಗೇ ಬರುವ ಶೀರ್ಷಿಕೆ: "ಲಿಂಗೈಕ್ಯ ಶ್ರೀ ಪರಮೇಶ್ವರಪ್ಪ, ಶಿವಮೊಗ್ಗ". ಕೆಳಗೆ: "ಪರಮೇಶ್ವರಪ್ಪನವರು ಅಲ್ಪಕಾಲದ ಅಸೌಖ್ಯದಿಂದ ಲಿಂಗೈಕ್ಯರಾದ ಪ್ರಯುಕ್ತ ಶಿವಗಣಾರಾಧನೆಗೆ ತಾವೆಲ್ಲರೂ..." ಅಲ್ಲಿಗೆ ಮೂರು ಚುಕ್ಕಿ. ಶೈಲಿ ಎಲ್ಲೋ ಪರಿಚಿತ ಎನಿಸಿತು. ನನ್ನದೇ.

ಶಿವಮೊಗ್ಗದ ರವೀಂದ್ರನಗರದಲ್ಲಿ ನನ್ನದು ಕಾರ್ಡು ಮುದ್ರಿಸುವ ಅಂಗಡಿ. ಬಸ್ಸಿನಲ್ಲಿ ಫೋನಿನ ಚಾರ್ಜು ಮುಗಿಯುವುದು ನನ್ನ ಹಳೆಯ ಚಾಳಿ. ಇದು ಅದಕ್ಕಿಂತ ದೊಡ್ಡ ಎಡವಟ್ಟು. ವೆಬ್‌ಸೈಟ್ ಮಾಡಿದಾಗ ಮದುವೆ ಕಾರ್ಡಿನ ಮಾದರಿಗೆ ಹೆಸರು ಕೊಡಲು ಗಿರಾಕಿಗಳು ನಾಮುಂದು ತಾಮುಂದು ಎಂದರು. ಸಾವಿನ ಮನೆಯ ಶಿವಗಣಾರಾಧನೆ ಕಾರ್ಡಿಗೆ ಮಾತ್ರ ಯಾರೂ ಸಿಗಲಿಲ್ಲ. ಯಾವ ಹೆಸರು ಕಲ್ಪಿಸಿದರೂ ಆ ಹೆಸರಿನವರೊಬ್ಬರು ಊರಲ್ಲಿ ಇದ್ದೇ ಇರುತ್ತಾರೆ. ಅಪಶಕುನ ಬೇರೆಯವರಿಗೇಕೆ ಎಂದು ನನ್ನದನ್ನೇ ಹಾಕಿದೆ. ಕೊನೆಯಲ್ಲಿ "ಇದು ಮಾದರಿ ಮಾತ್ರ" ಎಂದೂ ಬರೆದಿದ್ದೆ. ಆ ಮಾತು ಮೂರು ಚುಕ್ಕಿಯ ಹಿಂದೆ ಹೂತುಹೋಗಿತ್ತು. ಪುಟಕ್ಕೆ ಶೀರ್ಷಿಕೆ ಕೊಡದೆ ಬಿಟ್ಟಿದ್ದರಿಂದ ಹುಡುಕುವ ಯಂತ್ರ ಅಲ್ಲಿದ್ದ ಅತಿ ದಪ್ಪ ಅಕ್ಷರಗಳನ್ನು ಎತ್ತಿಕೊಂಡಿತ್ತು. ಶೀರ್ಷಿಕೆಯ ಕೆಳಗೆ ತೋರಿಸಲೆಂದು ವಿವರಣೆಯನ್ನೇನೋ ಕೊಟ್ಟಿದ್ದೆ: "ಸಕಲ ಸಮಾರಂಭಗಳ ಕಾರ್ಡುಗಳು ಯೋಗ್ಯ ದರದಲ್ಲಿ". ಹುಡುಕಿದವರು ಕೇಳಿದ್ದು ನನ್ನ ಹೆಸರನ್ನು. ಯಂತ್ರ ನನ್ನ ವಿವರಣೆಯನ್ನು ಬದಿಗಿಟ್ಟು, ನನ್ನ ಹೆಸರಿದ್ದ ವಾಕ್ಯವನ್ನೇ ಹೆಕ್ಕಿ ಕೊಟ್ಟಿತ್ತು.

ಹುಡುಕಿದವರು ಭಾವನ ಜೊತೆ ಫೋನಿನಲ್ಲಿದ್ದ ಕುಂಸಿಯ ಹಿರಿಯರು, ವರನ ಅಜ್ಜ. ಇನ್ನೂ ನೂರು ಪತ್ರಿಕೆ ಬೇಕೆಂದು ನನ್ನ ನಂಬರ್ ಹುಡುಕಿದ್ದರು. ಸೋದರಮಾವ ಹೋದ ಮನೆಯಲ್ಲಿ ಈಗಲೇ ಲಗ್ನ ಬೇಡ, ಮುಂದಕ್ಕೆ ಹಾಕೋಣ ಎಂದವರೂ ಅವರೇ. ವಿಡಿಯೊ ಕರೆಯಲ್ಲಿ ಮುಖ ತೋರಿಸಿದೆ. "ಈಗೆಲ್ಲ ಸತ್ತೋರನ್ನೂ ಮಾತಾಡಿಸ್ತಾರಂತೆ" ಎಂದರು. ಮಧ್ಯಾಹ್ನ ಭಾವನ ಜೊತೆ ಕುಂಸಿಗೇ ಹೋದೆ. ಅಜ್ಜ ನನ್ನ ಮುಂಗೈ ಹಿಡಿದು ನೋಡಿದರು, ಫೋನು ನೋಡಿದರು, ಮತ್ತೆ ಮುಂಗೈ ನೋಡಿದರು.

"ಬೆಚ್ಚಗಿದೆ. ಆದ್ರೆ ಇಲ್ಲಿ ಇನ್ನೂ ಹಂಗೇ ಇದೆಯಲ್ಲ? ನಮ್ಮ ನೆಂಟ್ರೆಲ್ಲ ಇದನ್ನೇ ನೋಡ್ತಾರೆ. ಇದು ಬದಲಾಗ್ಲಿ, ಆಮೇಲೆ ಚಪ್ಪರ."

ಲಗ್ನಕ್ಕೆ ಹನ್ನೆರಡು ದಿನವಿತ್ತು. ಸಂಜೆಯೇ ಮಾದರಿಯಿಂದ ಹೆಸರು ತೆಗೆದೆ, ಪುಟಕ್ಕೊಂದು ಶೀರ್ಷಿಕೆ ಬರೆದೆ, ಮತ್ತೊಮ್ಮೆ ಬಂದು ನೋಡಬೇಕೆಂದು ಯಂತ್ರಕ್ಕೆ ಮನವಿ ಸಲ್ಲಿಸಿದೆ. ಅದು ಬರಲಿಲ್ಲ. ಪುಟದಲ್ಲಿ ಬದುಕಿದ್ದೆ, ಫಲಿತಾಂಶದಲ್ಲಿ ಸತ್ತಿದ್ದೆ. ಸಹನಾ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, "ಮಾವ, ಇವತ್ತಾದ್ರೂ ಬದುಕಿದ್ರಾ?" ಎಂದು ಅಳುದನಿಯಲ್ಲಿ ಕೇಳುತ್ತಿದ್ದಳು. ಐದನೆಯ ದಿನ ನನಗೆ ಸಣ್ಣಗೆ ಜ್ವರ ಬಂತು. ಡಾಕ್ಟರು, "ಏನಿಲ್ಲ, ಅಲ್ಪಕಾಲದ್ದು" ಎಂದರು. ಮಾತ್ರೆಯನ್ನೂ ಇಸಿದುಕೊಳ್ಳದೆ ಎದ್ದು ಬಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ಫಲಿತಾಂಶ ಬದಲಾಗಿತ್ತು. ಜ್ವರವೂ ಇಳಿದಿತ್ತು. ಎರಡರಲ್ಲಿ ಯಾವುದು ಮೊದಲಾಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಲಗ್ನ ನಿಂತ ದಿನಕ್ಕೇ ನಡೆಯಿತು... ಅಂದರೆ, ನಿಶ್ಚಯವಾಗಿದ್ದ ದಿನಕ್ಕೇ. ಸಹನಾಳ ಕೈಹಿಡಿದು ಮಂಟಪಕ್ಕೆ ಕರೆತಂದವನು ನಾನೇ. ಇದನ್ನು ಕಣ್ಣಾರೆ ಕಂಡವರು ಅಕ್ಕ, ಭಾವ, ಸಹನಾ ಮತ್ತು ಕುಂಸಿಯ ಅಜ್ಜ. ನಾಲ್ವರೂ ಇದ್ದಾರೆ, ಕೇಳಿ ನೋಡಬಹುದು. ನನ್ನ ವಿಷಯ ಮಾತ್ರ ನಾನು ಯಾರ ಮಾತನ್ನೂ ನಂಬುವುದಿಲ್ಲ. ದಿನಾ ಎದ್ದ ಕೂಡಲೇ ಹುಡುಕಿ ನೋಡಿಕೊಂಡು, ಆಮೇಲೇ ಹಲ್ಲುಜ್ಜುತ್ತೇನೆ.