ಡೆಲ್ಮರ್ ಹಿಡಿಯಹೊರಟ ಪಿಚರ್

ಗಾಳಿ ಇನ್ನೊಂದು ದಿನ ಬಡಗಣದಿಂದಲೇ ಬೀಸಿದ್ದರೆ ಡೆಲ್ಮರ್ ವೀಬನಿಗೆ ಆ ಪಾಡು ಬರುತ್ತಿರಲಿಲ್ಲ. ಗುರುವಾರ ಬೆಳಗ್ಗೆ ಹಲ್ಲುಜ್ಜುತ್ತ ಹಿತ್ತಿಲ ಬಾಗಿಲು ತೆಗೆದವನು ಮರುಕ್ಷಣವೇ ಮುಚ್ಚಿದ. ಗಾಳಿ ತೆಂಕಣದಿಂದ ಬರುತ್ತಿತ್ತು. ಊರಿನ ತೆಂಕಣಕ್ಕೆ ಒಂದು ಮೈಲಿ ದೂರದಲ್ಲಿ ನಲವತ್ತು ಸಾವಿರ ದನಗಳನ್ನು ಕೂಡಿಹಾಕಿ ಕೊಬ್ಬಿಸುವ ದೊಡ್ಡಿಯಿತ್ತು. ಆ ಕಡೆಯಿಂದ ಗಾಳಿ ಎದ್ದರೆ ಊರಿನ ಚರ್ಚು, ಬೇಕರಿ, ಕಾಲೇಜು ಎಲ್ಲವೂ ಒಂದೇ ವಾಸನೆ ಹೊಡೆಯುತ್ತಿದ್ದವು.

ಬೇರೆ ದಿನವಾಗಿದ್ದರೆ ಡೆಲ್ಮರ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕ್ಯಾನ್ಸಸ್ಸಿನ ಆ ಮೂಲೆಯಲ್ಲಿ ಹುಟ್ಟಿದವರ ಮೂಗಿಗೆ ಅದು ಅಭ್ಯಾಸ. ಆದರೆ ಅಂದು ಟ್ರೆಸಾ ಮೊಂಟೋಯ ಬರುವವಳಿದ್ದಳು.

ಡೆಲ್ಮರ್ ಡ್ರೈ ಫೋರ್ಕ್ ಕಾಲೇಜಿನ ಹುಡುಗಿಯರ ಸಾಫ್ಟ್‌ಬಾಲ್ ತಂಡದ ಕೋಚ್. ಮೊನ್ನೆ ಮುಗಿದ ಋತುವಿನಲ್ಲಿ ಅವನ ತಂಡ ಮೂವತ್ತೆಂಟು ಪಂದ್ಯ ಸೋತು ಎಂಟನ್ನು ಗೆದ್ದಿತ್ತು. ಆ ಎಂಟರಲ್ಲಿ ಎರಡು ಎದುರಾಳಿಗಳ ಬಸ್ಸು ಕೆಟ್ಟು ನಿಂತದ್ದರಿಂದ ಬಂದವು. ಕಾಲೇಜು ಬದಲಿಸಬಯಸುವ ಆಟಗಾರರೆಲ್ಲ ಮೇ ತಿಂಗಳಲ್ಲಿ ಪೋರ್ಟಲ್ ಎಂಬ ಪಟ್ಟಿಯಲ್ಲಿ ಹೆಸರು ಹಾಕುತ್ತಾರೆ. ದೇಶದ ಕೋಚ್‌ಗಳೆಲ್ಲ ಮದುವೆ ದಲ್ಲಾಳಿಗಳು ಜಾತಕ ತಿರುವಿದ ಹಾಗೆ ಅದನ್ನು ತಿರುವುತ್ತಾರೆ. ಟ್ರೆಸಾಳ ಹೆಸರು ಡೆಲ್ಮರನ ಕಣ್ಣಿಗೆ ಬಿದ್ದದ್ದು ಅಲ್ಲೇ. ದೊಡ್ಡ ವಿಶ್ವವಿದ್ಯಾಲಯದ ಪಿಚರ್, ಅಂದರೆ ಬ್ಯಾಟು ಹಿಡಿದವರಿಗೆ ಚೆಂಡು ಎಸೆಯುವವಳು. ಅಲ್ಲಿ ಇವಳಿಗಿಂತ ದೊಡ್ಡವರಿದ್ದುದರಿಂದ ವರ್ಷವಿಡೀ ಬೆಂಚು ಕಾದಿದ್ದಳು. ಅವಳು ಕೈ ಬೀಸಿ ಎಸೆದ ಚೆಂಡು ಬ್ಯಾಟಿನ ಮುಂದೆ ಬಂದು ಥಟ್ಟನೆ ಮೇಲೇರುತ್ತಿತ್ತು. ಡೆಲ್ಮರ್ ಹನ್ನೊಂದು ಸಲ ಫೋನು ಮಾಡಿ, ಒಂದು ದಿನದ ಮಟ್ಟಿಗೆ ಬಂದು ನೋಡಿ ಹೋಗಲು ಒಪ್ಪಿಸಿದ್ದ. ಮರುದಿನ ಅವಳು ಓಕ್ಲಹೋಮಾದ ಇನ್ನೊಂದು ಕಾಲೇಜಿಗೆ ಹೋಗುವವಳಿದ್ದಳು.

ಇದರಲ್ಲಿ ಇನ್ನೊಂದು ಮುಳ್ಳಿತ್ತು. ಪಿಚರ್‌ಗೆಂದು ಕಾಲೇಜು ಕೊಡುತ್ತಿದ್ದದ್ದು ಒಂದೇ ವಿದ್ಯಾರ್ಥಿವೇತನ, ಅದು ಈಗಿನ ಪಿಚರ್ ಮಾರ್ಲಾ ಉನ್ರೂಳ ಕೈಯಲ್ಲಿತ್ತು. ಮಾರ್ಲಾ ಎಸೆದ ಚೆಂಡು ಸರ್ಕಾರಿ ಕಡತದಷ್ಟು ನಿಧಾನವಾಗಿ ಸಾಗುತ್ತಿತ್ತು; ಎದುರಿನವರಿಗೆ ಅದನ್ನು ಓದಿ, ಸಹಿ ಹಾಕಿ, ಆಮೇಲೆ ಹೊಡೆಯುವಷ್ಟು ಪುರುಸೊತ್ತಿರುತ್ತಿತ್ತು. ಆದರೆ ಅಭ್ಯಾಸಕ್ಕೆ ಮೊದಲು ಬರುವವಳು, ಕೊನೆಗೆ ಹೋಗುವವಳು ಅವಳೇ. ಸೋತಾಗಲೆಲ್ಲ ಡೆಲ್ಮರನಿಗೆ ಸಮಾಧಾನ ಹೇಳುತ್ತಿದ್ದವಳೂ ಅವಳೇ. ಟ್ರೆಸಾ ಒಪ್ಪಿದರೆ ಅಂದೇ ಸಂಜೆ ಐದಕ್ಕೆ ಮಾರ್ಲಾಳನ್ನು ಎದುರಿಗೆ ಕೂರಿಸಿಕೊಂಡು, ನಿನ್ನ ಜಾಗ ಹೋಯಿತಮ್ಮ ಎನ್ನಬೇಕಿತ್ತು. ಡೆಲ್ಮರ್ ಆ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. "ಕನ್ನಡಿಗೇ ಹೇಳೋಕಾಗ್ತಿಲ್ಲ ನಿಮ್ಗೆ, ಇನ್ನು ಆ ಮಗೂಗೇನ್ ಹೇಳ್ತೀರಿ" ಎಂದು ಹೆಂಡತಿ ನಕ್ಕಿದ್ದಳು.

ಏಳೂವರೆಗೆ ಅವನು ಕಾಲೇಜಿನ ಊಟದ ಮನೆಗೆ ಹೋದ. ಅಲ್ಲಿ ಮೂವತ್ತು ವರ್ಷದಿಂದ ಅಡುಗೆ ನೋಡಿಕೊಳ್ಳುತ್ತಿದ್ದ ಅರ್ಲೀನ್ ಕೂಪ್ ಕಾಫಿ ಕೊಟ್ಟು, ಅವನ ಮುಖ ನೋಡಿ, ಎರಡೇ ಪ್ರಶ್ನೆಯಲ್ಲಿ ವಾಸನೆಯ ವಿಚಾರ, ಪಿಚರ್ ವಿಚಾರ, ಐದು ಗಂಟೆಯ ವಿಚಾರ ಎಲ್ಲವನ್ನೂ ಹೊರಗೆಳೆದಳು.

"ಯಾರ್ಗೂ ಹೇಳ್ಬೇಡ ಅರ್ಲೀನ್."

"ನಾನ್ಯಾರಿಗ್ ಹೇಳ್ಲಿ, ನಂಗ್ಯಾಕೆ ಊರ ಉಸಾಬರಿ" ಎಂದ ಅರ್ಲೀನ್ ದೊಡ್ಡ ಹಂಡೆ ಒಲೆಗೇರಿಸಿದಳು. "ವಾಸನೆ ತಾನೆ, ಚಕ್ಕೆ ಕುದಿಸ್ತೀನಿ ಬಿಡು. ಕಾಲೇಜಿಗೆಲ್ಲಾ ಹರಡುತ್ತೆ."

ಎಂಟೂವರೆಯ ಹೊತ್ತಿಗೆ ಕ್ರೀಡಾ ವಿಭಾಗದ ಮುಖ್ಯಸ್ಥ ಹಾರ್ಲನ್ ಪ್ರೀಬ್‌ಗೆ ಸುದ್ದಿ ಮುಟ್ಟಿತ್ತು. ಅವನು ಲ್ಯಾವೆಂಡರ್ ಪರಿಮಳದ ಡಬ್ಬಿ ಹಿಡಿದು ಪಡಸಾಲೆಯುದ್ದಕ್ಕೂ ಉಸ್ಸೆನ್ನಿಸುತ್ತ ಬಂದ. "ಈ ಸಲ ಒಳ್ಳೇ ಪಿಚರ್ ತರ್ಲಿಲ್ಲಾಂದ್ರೆ ನೋಡಪ್ಪ, ಮುಂದಿನ ವರ್ಷ ಪ್ರೇಕ್ಷಕರನ್ನೂ ಪೋರ್ಟಲ್ಲಿಂದಾನೇ ತರ್ಬೇಕಾಗುತ್ತೆ" ಎಂದ.

ಪಕ್ಕದ ಕೋಣೆಯಿಂದ ರಾಯ್ಸ್ ಬೊಹಾನನ್ ಇಣುಕಿದ. ರಾಯ್ಸ್ ಕಾಲೇಜಿನ ರೋಡಿಯೊ ತಂಡದ ಕೋಚ್. ಕುದುರೆಯ ಮೇಲೆ ಕೂತು ಓಡುವ ಕರುವಿಗೆ ಹಗ್ಗ ಬೀಸಿ ಹಿಡಿಯುವುದನ್ನು ಹುಡುಗ ಹುಡುಗಿಯರಿಗೆ ಕಲಿಸುವವನು. ಹಲ್ಲುಕಡ್ಡಿ ಇಲ್ಲದೆ ಅವನ ಬಾಯನ್ನು ಯಾರೂ ನೋಡಿರಲಿಲ್ಲ.

"ದನದ ವಾಸ್ನೆಗೆ ನಾಚ್ಕೋತೀಯಲ್ಲಯ್ಯ, ಅದೇ ದನ ತಿಂದು ಬೆಳೆದೋನು" ಎಂದು ರಾಯ್ಸ್ ಛೇಡಿಸಿದ. "ಅಷ್ಟು ಭಯ ಇದ್ರೆ ಕಾರಿನ ಕಿಟಕಿ ಏರಿಸ್ಕೊಂಡು ಸುತ್ತಿಸು. ಇಳಿಸ್ಲೇಬೇಡ."

ಡೆಲ್ಮರನಿಗೆ ಅದು ಒಳ್ಳೆಯ ಉಪಾಯವೆನಿಸಿತು. ಅವನ ದೌರ್ಬಲ್ಯವೇ ಅದು: ಯಾರು ಏನು ಹೇಳಿದರೂ ಒಳ್ಳೆಯ ಉಪಾಯವೆನಿಸುತ್ತಿತ್ತು.

ಹತ್ತೂವರೆಗೆ ಟ್ರೆಸಾ ಹಳೆಯ ಪಿಕಪ್ ಟ್ರಕ್ಕಿನಲ್ಲಿ ಒಬ್ಬಳೇ ಬಂದಿಳಿದಳು. ಎತ್ತರದ, ಮಾತು ಕಡಿಮೆಯ ಹುಡುಗಿ. ಅವಳು ಸರಿಯಾಗಿ ಉಸಿರೆಳೆದುಕೊಳ್ಳುವ ಮೊದಲೇ ಡೆಲ್ಮರ್ "ಗಾಳಿ ಜಾಸ್ತಿ, ಬಾಮ್ಮ ಬಾ" ಎಂದು ಒಳಗೆ ನೂಕಿದ. ಒಳಗೆ ಚಕ್ಕೆಯೂ ಲ್ಯಾವೆಂಡರೂ ಕುಸ್ತಿ ಹಿಡಿದಿದ್ದವು. ಹುಡುಗಿ ಒಂಬತ್ತು ಸಲ ಸೀನಿದಳು.

"ಇಲ್ಲಿ ಯಾರಾದ್ರೂ ತೀರ್ಕೊಂಡಿದಾರಾ ಕೋಚ್" ಎಂದು ಮೆಲ್ಲಗೆ ಕೇಳಿದಳು.

"ಇಲ್ಲಮ್ಮ, ಎಲ್ರೂ ಚೆನ್ನಾಗಿದಾರೆ. ಮೈದಾನ ನೋಡೋಣ ಬಾ."

ಕಾರಿನ ಕಿಟಕಿಗಳನ್ನೆಲ್ಲ ಬಿಗಿಯಾಗಿ ಏರಿಸಿ ಡೆಲ್ಮರ್ ಮೈದಾನದ ಬೇಲಿಯ ಪಕ್ಕ ನಿಲ್ಲಿಸಿದ. ಮೇ ತಿಂಗಳ ಬಿಸಿಲಿಗೆ ಇಬ್ಬರೂ ಬೇಯತೊಡಗಿದರು.

"ಇಳಿದು ನೋಡ್ಲಾ?"

"ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತಲ್ಲ. ಹುಲ್ಲಿಗೆ ಔಷಧಿ ಹೊಡೆದಿದೀವಿ, ಕಾಲಿಡೋ ಹಾಗಿಲ್ಲ."

ಅದೇ ಹೊತ್ತಿಗೆ ಹಾರ್ಲನ್ ಡಬ್ಬಿ ಹಿಡಿದುಕೊಂಡು ಅದೇ ಹುಲ್ಲಿನ ಮೇಲೆ ಗಾಳಿಗೆ ಉಸ್ಸೆನ್ನಿಸುತ್ತ ನಡೆದುಬಂದ. ಕಾರಿನ ಕಿಟಕಿ ತಟ್ಟಿ, "ಇಳೀರಿ ಇಳೀರಿ, ಇಲ್ಲೂ ಹೊಡೆದಿದೀನಿ, ಏನೂ ಗೊತ್ತಾಗಲ್ಲ" ಎಂದ. ಟ್ರೆಸಾ ಬಾಗಿಲು ತೆಗೆದೇಬಿಟ್ಟಳು. ತೆಂಕಣ ಗಾಳಿ ಕಾರಿನೊಳಗೆ ನುಗ್ಗಿ ಕೂತಿತು. ಹುಡುಗಿ ಮೂಗೆತ್ತಿ ನಿಂತಳು. ಅವಳ ಕಣ್ಣಲ್ಲಿ ನೀರು ತುಂಬಿತು. ಡೆಲ್ಮರನ ಜೀವ ಬಾಯಿಗೆ ಬಂತು.

"ದನದ ದೊಡ್ಡಿನಾ?"

"ಸ್ವಲ್ಪ... ದೂರದಲ್ಲಿದೆ. ವರ್ಷಕ್ಕೆ ಒಂದೆರಡ್ ದಿನ ಮಾತ್ರ ಹೀಗೆ" ಎಂದು ಡೆಲ್ಮರ್ ಸುಳ್ಳು ಹೇಳಿದ.

"ನಮ್ಮಜ್ಜನ ಮನೆ ದಿನಾ ಹಿಂಗೇ ನಾರ್ತಿತ್ತು" ಎಂದಳು ಟ್ರೆಸಾ. "ನ್ಯೂ ಮೆಕ್ಸಿಕೋದಲ್ಲಿ. ನಂಗೆ ಹದಿನೈದಾದಾಗ ದನ, ಕುದುರೆ, ಜಮೀನು ಎಲ್ಲಾ ಮಾರಿದ್ರು. ಆಮೇಲೆ ಊರೂರು ತಿರುಗಿದೀನಿ, ಎಲ್ಲೂ ಮನೆ ಅನ್ನಿಸ್ಲಿಲ್ಲ. ಇಲ್ಲಿ ಅನ್ನಿಸ್ತಿದೆ ಕೋಚ್."

ಡೆಲ್ಮರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೆಳಗ್ಗೆಯಿಂದ ಬಚ್ಚಿಟ್ಟ ವಾಸನೆಯನ್ನು ಈಗ ತಾನೇ ಕಷ್ಟಪಟ್ಟು ತರಿಸಿದವನಂತೆ ಕಾರಿನ ನಾಲ್ಕೂ ಕಿಟಕಿ ಇಳಿಸಿದ. ಮರುಕ್ಷಣ ಐದು ಗಂಟೆ ನೆನಪಾಗಿ ಎರಡನ್ನು ಮತ್ತೆ ಏರಿಸಿದ.

ಊಟಕ್ಕೆ ಅರ್ಲೀನ್ ಎಲೆಕೋಸು, ಮಾಂಸ ತುಂಬಿದ ಬಿಸಿ ಬನ್ನು ಬಡಿಸಿದಳು. ಅತಿಥಿಯ ಜೊತೆ ಇರಬೇಕಾಗಿದ್ದ ತಂಡದ ನಾಯಕಿ ಪರೀಕ್ಷೆ ಬರೆಯುತ್ತಿದ್ದಳು. ಖಾಲಿ ಕುರ್ಚಿ ಎಳೆದುಕೊಂಡು ಬಂದು ಕೂತವಳು ಮಾರ್ಲಾ. ಡೆಲ್ಮರ್ ಅರ್ಧ ತಿಂದ ಬನ್ನನ್ನು ತಟ್ಟೆಗಿಟ್ಟ.

"ನಿಮ್ಮ ಮೇಲೇರೋ ಚೆಂಡು, ಅದೇ ರೈಸ್ ಬಾಲ್, ವಿಡಿಯೋದಲ್ಲಿ ನೋಡಿದೀನಿ" ಎಂದಳು ಮಾರ್ಲಾ ಟ್ರೆಸಾಗೆ. "ಅದು ಹೇಗ್ರೀ ಮೇಲೇರುತ್ತೆ? ನಂದು ಎತ್ತಿ ಎಸೆದ್ರೂ ಇಳಿಯುತ್ತೆ."

ಟ್ರೆಸಾ ನಕ್ಕು, ಒಂದು ಬನ್ನನ್ನೇ ಚೆಂಡಿನಂತೆ ಹಿಡಿದು ಬೆರಳು ಎಲ್ಲಿಡಬೇಕು, ಮಣಿಕಟ್ಟು ಹೇಗೆ ತಿರುಗಿಸಬೇಕು ಎಂದು ತೋರಿಸಿದಳು. ಮಾರ್ಲಾ ಆ ಅಂಗೈಯನ್ನು ಬಹಳ ಹೊತ್ತು ನೋಡಿದಳು. ತನ್ನ ಜಾಗಕ್ಕೆ ಬಂದವಳ ಮುಂದೆ ಇಷ್ಟು ಭಕ್ತಿಯಿಂದ ಕೂತ ಹುಡುಗಿಯನ್ನು ಕಂಡು ಡೆಲ್ಮರನಿಗೆ ತಾನೊಬ್ಬ ಕಟುಕನೆನಿಸಿತು.

"ಮಧ್ಯಾಹ್ನ ನಾನೇ ಇವ್ರನ್ನ ತಿರುಗಾಡಿಸ್ಲಾ ಕೋಚ್?"

"ಹೂಂ. ಮೂರಕ್ಕೆ ಮೈದಾನಕ್ಕೆ ಕರ್ಕೊಂಡ್ ಬಾ. ಎಸೆದು ತೋರಿಸ್ಲಿ. ಆಮೇಲೆ... ನೀನು ಐದಕ್ಕೆ ನನ್ನ ಕೋಣೆಗೆ ಬಾಮ್ಮ."

"ಬರ್ತೀನಿ ಕೋಚ್" ಎಂದು ಮಾರ್ಲಾ ನಗುತ್ತಲೇ ಎದ್ದಳು.

ಮೂರಾಯಿತು. ಮೂರೂವರೆಯಾಯಿತು. ಮೈದಾನದಲ್ಲಿ ಡೆಲ್ಮರ್ ಒಬ್ಬನೇ ಗ್ಲೌಸು ಹಾಕಿಕೊಂಡು ನಿಂತಿದ್ದ. ನಾಲ್ಕಕ್ಕೆ ಹಾರ್ಲನ್ ಬಂದು "ಎಲ್ಲಯ್ಯಾ ನಿನ್ನ ಪಿಚರ್" ಎಂದಾಗ ಡೆಲ್ಮರ್ ಕಾಲಿಗೆ ಬುದ್ಧಿ ಹೇಳಿದ. ಊಟದ ಮನೆಯ ಕಿಟಕಿಯಿಂದ ಅರ್ಲೀನ್ ಕೈ ತೋರಿಸಿ, "ಇಬ್ರೂ ರೋಡಿಯೊ ಅಂಗಳದ ಕಡೆ ಹೋದ್ರಪ್ಪ, ಹೋಗಿ ಆಗ್ಲೇ ಎರಡ್ ಗಂಟೆ ಹೊತ್ತಾಯ್ತು" ಎಂದಳು.

ಅಂಗಳದಲ್ಲಿ ಧೂಳೆದ್ದಿತ್ತು. ಬೇಲಿಯ ಮೇಲೆ ರಾಯ್ಸ್ ಕೂತಿದ್ದ, ಕೈಯಲ್ಲಿ ಸ್ಟಾಪ್‌ವಾಚು. ಗೇಟು ತೆರೆಯಿತು, ಕರು ಹಾರಿತು, ಹಿಂದೆಯೇ ಕುದುರೆ. ಮೇಲೆ ಕೂತಿದ್ದವಳು ಟ್ರೆಸಾ. ಹಗ್ಗ ತಲೆಯ ಮೇಲೆ ಎರಡು ಸುತ್ತು ತಿರುಗಿ ನೇರವಾಗಿ ಕರುವಿನ ಕೊರಳಿಗೆ ಬಿತ್ತು. ರಾಯ್ಸ್‌ನ ಬಾಯಿಂದ ಹಲ್ಲುಕಡ್ಡಿಯೇ ಉದುರಿತು.

"ಮೂರು ಸೆಕೆಂಡು ಹಿಡೀಲಿಲ್ಲ ಡೆಲ್ಮರ್" ಎಂದ ಅವನು ಪಿಸುಮಾತಿನಲ್ಲಿ. "ಮೊದಲೆರಡು ತಪ್ಪಿದ್ಲು. ಆರು ವರ್ಷ ಆಗಿದೆಯಂತೆ ಹಗ್ಗ ಮುಟ್ಟಿ."

ಟ್ರೆಸಾ ಕುದುರೆಯಿಂದಿಳಿದು ಬಂದಳು. ಮೈಯೆಲ್ಲ ಧೂಳು, ಮುಖ ಮಾತ್ರ ಜಾತ್ರೆಗೆ ಹೋಗಿ ಬಂದ ಮಗುವಿನಂತಿತ್ತು. "ಕ್ಷಮಿಸ್ಬೇಕು ಕೋಚ್. ಚೆಂಡು ಎಸೆಯೋದು ನಂಗೆ ಬರುತ್ತೆ, ಅಷ್ಟೇ. ಇದು ನಂಗೆ ಬೇಕು."

"ಎರಡೂ ಆಡ್ಬಹುದಲ್ಲಮ್ಮ" ಎಂದ ಡೆಲ್ಮರ್ ದೀನನಾಗಿ.

"ಎರಡೂ ವಸಂತದಲ್ಲೇ, ಎರಡೂ ಶನಿವಾರವೇ" ಎಂದ ರಾಯ್ಸ್. "ನಾನೇನೂ ಕೇಳ್ಲಿಲ್ಲ ಮಾರಾಯ. ಹಗ್ಗ ಕೊಟ್ಟೆ. ಉಳಿದಿದ್ದೆಲ್ಲಾ ಅವಳೇ ಹೇಳಿದ್ಲು." ಅಷ್ಟರಲ್ಲಿ ಅವನು ತನ್ನ ತಂಡದ ವಿದ್ಯಾರ್ಥಿವೇತನದ ಕಾಗದವನ್ನು ಜೇಬಿನಿಂದ ತೆಗೆದು ಬೇಲಿಯ ಮೇಲೆ ಹರಡಿದ್ದ.

ಡೆಲ್ಮರ್ ತಲೆ ತಗ್ಗಿಸಿ ಹಿಂದಿರುಗಿದ. ಹನ್ನೊಂದು ಫೋನು, ಒಂದು ಹಂಡೆ ಚಕ್ಕೆ, ಎರಡು ಡಬ್ಬಿ ಲ್ಯಾವೆಂಡರು, ಎಲ್ಲವೂ ರಾಯ್ಸ್‌ನ ಪಾಲಾಯಿತು. ದುಃಖಪಡಬೇಕೆಂದು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಅರ್ಧ ದಾರಿಯಲ್ಲಿ ತಾನು ಹಾಡು ಗುನುಗುತ್ತಿರುವುದು ಅವನ ಗಮನಕ್ಕೆ ಬಂತು. ಕನ್ನಡಿಗೂ ಹೇಳಲಾಗದ ಆ ಮಾತನ್ನು ಇನ್ನು ಯಾರಿಗೂ ಹೇಳಬೇಕಿಲ್ಲ. ಎದೆಯ ಮೇಲಿಂದ ಯಾರೋ ಎದ್ದು ಹೋದಂತೆ ಹಗುರವಾಯಿತು.

ಐದಕ್ಕೆ ಸರಿಯಾಗಿ ಮಾರ್ಲಾ ಅವನ ಕೋಣೆಯಲ್ಲಿ ಕೂತಿದ್ದಳು.

"ಏನಿಲ್ಲಮ್ಮ" ಎಂದ ಡೆಲ್ಮರ್, ಬೇಡವೆಂದರೂ ನಗು ತಡೆಯಲಾಗದೆ. "ಮುಂದಿನ ವರ್ಷಾನೂ ನೀನೇ ನಮ್ಮ ಪಿಚರ್. ಅದನ್ನ ಹೇಳೋಕೇ ಕರೆದಿದ್ದು."

"ಗೊತ್ತು ಕೋಚ್."

"ಹೇಗೆ ಗೊತ್ತು?"

"ಐದಕ್ಕೆ ನೀವೇನು ಹೇಳ್ಬೇಕಂತಿದ್ರಿ ಅಂತ ಅರ್ಲೀನ್ ಆಂಟಿ ಬೆಳಗ್ಗೇನೇ ಹೇಳಿದ್ರು. ಊಟದಲ್ಲಿ ಅವಳು ಬನ್ ಹಿಡಿದಾಗ ಹೆಬ್ಬೆರಳ ಬುಡದಲ್ಲಿ ಹಗ್ಗ ಸುಟ್ಟ ಗುರುತು ಕಾಣ್ತು. ನಮ್ಮಣ್ಣಂಗೂ ಇದೆ ಅದು. ಚಿಕ್ಕಂದಿನಲ್ಲಿ ಕರು ಹಿಡಿದೋರಿಗೇ ಬರೋದು. ಅದಕ್ಕೇ ಎದ್ದು ಹೋಗಿ ರಾಯ್ಸ್ ಕೋಚ್‌ಗೆ ಫೋನ್ ಮಾಡ್ದೆ, ಒಳ್ಳೇ ಕುದುರೆಗೆ ಜೀನು ಹಾಕ್ಸಿಡಿ ಅಂತ."

ಮೂರು ವರ್ಷದಲ್ಲಿ ಒಬ್ಬಳೇ ಒಬ್ಬ ಬ್ಯಾಟುಗಾರ್ತಿಯನ್ನೂ ಏಮಾರಿಸಲಾಗದ ಹುಡುಗಿ, ಒಂದೇ ಮಧ್ಯಾಹ್ನದಲ್ಲಿ ಇಡೀ ಕ್ರೀಡಾ ವಿಭಾಗವನ್ನು ಏಮಾರಿಸಿದ್ದಳು.

"ಕೋಪ ಬಂತಾ ಕೋಚ್?"

ಬಂದಿದೆಯೇ ಎಂದು ಡೆಲ್ಮರ್ ತನ್ನೊಳಗೆ ಹುಡುಕಿದ. ಸಿಗಲಿಲ್ಲ. "ಹಾರ್ಲನ್‌ಗೆ ಮಾತ್ರ ಹೇಳ್ಬೇಡ" ಎಂದ.

"ರೈಸ್ ಬಾಲ್ ಎಸೆಯೋದು ಕಲ್ತಿದೀನಿ. ನೋಡ್ತೀರಾ?"

ಇಬ್ಬರೂ ಮೈದಾನಕ್ಕೆ ಹೋದರು. ಡೆಲ್ಮರ್ ಮಂಡಿ ಹಿಡಿದು ಕುಕ್ಕರುಗಾಲಲ್ಲಿ ಕೂತು ಗ್ಲೌಸು ಮುಂದೆ ಚಾಚಿದ. ಮಾರ್ಲಾ ಕೈ ಬೀಸಿ ಎಸೆದಳು. ಚೆಂಡು ನಿಜಕ್ಕೂ ಮೇಲೇರಿತು. ಡೆಲ್ಮರನ ತಲೆಯ ಮೇಲೆ, ಹಿಂದಿನ ತಡೆಬಲೆಯ ಮೇಲೆ, ಆಚೆಯ ರಸ್ತೆಯ ಮೇಲೆ ಏರುತ್ತಲೇ ಹೋಗಿ ಎಲ್ಲೋ ಗಾಜೊಡೆದ ಸದ್ದು ಮಾಡಿತು. ಸ್ವಲ್ಪ ಹೊತ್ತಿನ ಮೇಲೆ ಹಾರ್ಲನ್ ಯಾರ ಹೆಸರನ್ನೋ ಕೂಗುವುದು ಕೇಳಿಸಿತು. ಅದು ಡೆಲ್ಮರನದೇ ಹೆಸರು.

ಡೆಲ್ಮರ್ ಏಳಲಿಲ್ಲ. ಗ್ಲೌಸನ್ನು ಇನ್ನೊಂಚೂರು ಎತ್ತರಕ್ಕೆ ಹಿಡಿದು, "ಇನ್ನೊಂದು ಹಾಕಮ್ಮ" ಎಂದ.