ಒಂದು ಗಜ ಕಡಿಮೆ

ಹೊಟ್ಟೆಕಿಚ್ಚೇ ಇಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗಂತೂ ಅದು ಚಿಕ್ಕಂದಿನಿಂದ ಇದೆ. ಪಿತ್ತದ ಹಾಗೆ ಆಗಾಗ ಕೆದರುತ್ತದೆ. ಇಳಕಲ್ಲಿನ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಹದಿನೈದು ವರ್ಷ ರಾಜೇಸಾಬನ ಚಹಾದಂಗಡಿಯಲ್ಲಿ ಆಟದ ವಿಷಯ ಬಂದರೆ ಕೊನೆಯ ಮಾತು ನನ್ನದೇ. ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯೂ ಔಟ್ ಯಾಕೆ ಕೊಟ್ಟರು ಎಂಬುದನ್ನು ಚಹಾ ಆರುವ ತನಕ ವಿವರಿಸುತ್ತಿದ್ದೆ. ಜನ ತಲೆಯಾಡಿಸುತ್ತಿದ್ದರು. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಎರಡು ಸಾವಿರದ ಇಸವಿಯ ಜನವರಿ ಕೊನೆಯ ಸೋಮವಾರ ಸಂಜೆ ಆ ಅಂಗಡಿಗೆ ನೇಕಾರ ಶಂಕ್ರಪ್ಪ ಬಂದ. ಜನ್ಮದಲ್ಲಿ ಚೆಂಡು ಮುಟ್ಟಿದವನಲ್ಲ. ಆ ದಿನ ನಸುಕಿನಲ್ಲಿ ಮಗ್ಗಕ್ಕೆ ಕೂಡುವ ಮೊದಲು ಟಿವಿ ಹಚ್ಚಿದ್ದಾನೆ. ಹೊಸ ಕೇಬಲ್ಲಿನಲ್ಲಿ ಅಮೆರಿಕದವರ ಫುಟ್‌ಬಾಲ್ ಫೈನಲ್. ಮುಗಿಯುವ ತನಕ ಮಗ್ಗ ಮುಟ್ಟಿಲ್ಲವಂತೆ.

"ಚೆಂಡು ಬಗಲಾಗ ಹಿಡ್ಕೊಂಡು ಓಡ್ತಾರ, ಅದೆಂಥಾ ಫುಟ್‌ಬಾಲಪಾ? ಅದರ ನಿಯಮ ಗೊತ್ತೇನ ನಿನಗ?" ಎಂದೆ.

"ಇಂಗ್ಲಿಷ್‌ನ್ಯಾಗ ನನಗ ಬರೂದು ಒಂದ ಶಬ್ದ ರೀ ಸರ, ಯಾರ್ಡ್. ಅವ್ರೂ ಅದನ್ನ ಅಂತಿದ್ರು. ನಾಕ ಸಲದಾಗ ಹತ್ತ ಗಜ ಮುಂದ ಹೋಗ್ಬೇಕು, ಇಲ್ಲಂದ್ರ ಚೆಂಡು ಆ ಕಡೆಯವ್ರಿಗೆ. ಸಂಶೆ ಬಂದ್ರ ಸರಪಳಿ ತಂದು ಅಳೀತಾರ್ರಿ, ನಮ್ಮ ಸಾವಕಾರ ಸೀರಿ ಅಳದಂಗ!"

ಕೂತವರಲ್ಲಿ ಅರ್ಧಕ್ಕರ್ಧ ನೇಕಾರರು. ಅರ್ಧ ನಿಮಿಷದಲ್ಲಿ ಎಲ್ಲರಿಗೂ ಆಟ ತಿಳಿದುಬಿಟ್ಟಿತು. ಶಂಕ್ರಪ್ಪ ಮುಂದುವರಿಸಿದ.

"ಕಡೀ ಚೆಂಡು. ಹಿಂದ ಬಿದ್ದವ್ರು ಗೆರಿ ದಾಟಿದ್ರ ಸರಿಸಮ ಆಗೂ ಲೆಕ್ಕ. ಒಬ್ಬಾವ ಚೆಂಡು ಹಿಡದಾ, ಓಡಿದಾ. ಇನ್ನೊಬ್ಬಾವ ಬಂದು ಕಾಲಿಗೆ ಜೋತುಬಿದ್ದಾ. ಬೀಳ್ತಾ ಬೀಳ್ತಾ ಕೈ ಚಾಚಿದ್ನಪಾ... ಮುಟ್ಲಿಲ್ಲ. ಒಂದ ಒಂದ ಗಜ ಕಡಿಮಿ!"

ಅಳತೆ ಕಡಿಮೆ ಬಿದ್ದು ಸೀರೆ ವಾಪಸು ಬಂದ ಸಂಕಟ ಅಲ್ಲಿ ಯಾರಿಗೆ ಗೊತ್ತಿಲ್ಲ? ಇಡೀ ಅಂಗಡಿ "ಅಯ್ಯಯ್ಯೋ" ಎಂದಿತು. ರಾಜೇಸಾಬ ಬಿಸಿ ಚಹಾ ಕೈಮೇಲೆ ಸುರಿದುಕೊಂಡ. ನನ್ನ ಎಲ್‌ಬಿಡಬ್ಲ್ಯೂ ಕೇಳಿ ಒಬ್ಬನೂ ಕೈ ಸುಟ್ಟುಕೊಂಡಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಅವನ ಮನ್ಯಾಗ ಕೇಬಲ್ ಐತಿ, ನಮ್ಮ ಮನ್ಯಾಗಿಲ್ಲ. ಅಷ್ಟ ಫರಕು," ಎಂದು ಮನೆಯಲ್ಲಿ ರೇಗಿದೆ.

"ಅವಗ ಹೇಳಾಕೂ ಬರ್ತೈತಂತಲ್ರಿ," ಎಂದಳು ನನ್ನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಕೇಬಲ್ ಹಾಕಿಸಿದೆ. ಒಂದು ವರ್ಷ ಕಾದೆ. ಮುಂದಿನ ಜನವರಿಯ ಫೈನಲ್ಲನ್ನು ಕಂಬಳಿ ಹೊದ್ದು ಪೂರ್ತಿ ನೋಡಿ, ಪ್ರತಿಯೊಂದು ತಪ್ಪನ್ನೂ ವಹಿಯಲ್ಲಿ ಬರೆದುಕೊಂಡೆ. ಹಾಳಾದ್ದು, ಆಟ ಪೂರ್ತಿ ಒಂದೇ ಕಡೆ ವಾಲಿತು. ಗೆದ್ದವರು ಗೆಲ್ಲುತ್ತಲೇ ಹೋದರು. ಆದರೂ ಸಂಜೆ ಅಂಗಡಿಯಲ್ಲಿ ಒಂದಕ್ಷರ ಬಿಡದೆ ಒಪ್ಪಿಸಿದೆ.

"ಚಲೋ ಹೇಳಿದ್ರಿ ಸರ," ಎಂದ ರಾಜೇಸಾಬ ಆಕಳಿಸುತ್ತ. "ಶಂಕ್ರಪ್ಪಾ, ಆ ಹ್ವಾದ ವರ್ಷದ್ದು ಒಮ್ಮಿ ಹೇಳಲೇ."

ಶಂಕ್ರಪ್ಪ ನನ್ನ ಮುಖ ನೋಡಿ ಸಂಕೋಚಪಟ್ಟ. "ಸರ ಕುಂತಾರ, ಅವ್ರ ಹೇಳ್ಲಿ ತಗೋ."

ಈ ದೊಡ್ಡತನ ಬೇರೆ! ಅದಕ್ಕೂ ಹೊಟ್ಟೆ ಉರಿಯಿತು. "ನೀನ ಹೇಳಪಾ," ಎಂದು ಗೋಡೆಯ ಕಡೆ ಮುಖ ತಿರುಗಿಸಿದೆ. ಅವನು ಶುರು ಮಾಡಿದ. ಚೆಂಡು ಹಿಡಿದವನು ಓಡಿದ, ಕಾಲಿಗೆ ಇನ್ನೊಬ್ಬ ಜೋತುಬಿದ್ದ, ಕೈ ಚಾಚಿತು. ಆಗ "ಈ ಸಲಾದ್ರೂ ಮುಟ್ಟಲೇ ಮಗನ!" ಎಂದು ಎದ್ದುನಿಂತು ಅರಚಿದವನು ನಾನೇ.